ಏಣಿಯ ಬುಡ

ಬಲಗಾಲಿನ ಬೂಟು ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡು ಮುಂದಕ್ಕೆ ಹೋಗುತ್ತಿರಲಿಲ್ಲ. ಒಂಟೆ ಎಂದು ಎಲ್ಲರೂ ಕರೆಯುತ್ತಿದ್ದ ಹುಡುಗ ನೆಲಕ್ಕೆ ಮೊಣಕಾಲೂರಿ, ದಾರವನ್ನು ಕೆಳಗಿನ ಎರಡು ತೂತುಗಳವರೆಗೂ ಸಡಿಲಿಸಿ, ಬೂಟಿನ ನಾಲಿಗೆಯನ್ನು ಹೊರಗೆಳೆದು ಇನ್ನೊಮ್ಮೆ ನೂಕಿ ನೋಡಿದ. ಕಾಲು ಒಪ್ಪಲಿಲ್ಲ. ಒಂಬತ್ತು ದಿನ ಆಸ್ಪತ್ರೆಯ ಪ್ಲಾಸ್ಟರಿನೊಳಗಿದ್ದ ಪಾದ ಊದಿಕೊಂಡಿತ್ತು. ನಿನ್ನೆ ಸಂಜೆ ಪ್ಲಾಸ್ಟರ್ ಕತ್ತರಿಸಿ ತೆಗೆದ ಮೇಲೂ ತನ್ನ ಮೊದಲಿನ ಅಳತೆಗೆ ಮರಳಿರಲಿಲ್ಲ.

“ಸತ್ತವಳಿಗೆ ಬೂಟು ಯಾಕಪ್ಪಾ? ಅವಳೇನು ಕೆಲಸಕ್ಕೆ ಹೊರಟಿದಾಳಾ?” ಎಂದು ಗೋಡೆಗೊರಗಿ ಕೂತಿದ್ದ ಅವಳ ನಾದಿನಿ ಕೇಳಿದಳು.

ಮಂಚದ ತಲೆಯ ಕಡೆ ನಿಂತಿದ್ದ ಗಂಡ ಬಸ್ಸಿನ ಡ್ರೈವರ್. ಮಾತು ಕಡಿಮೆಯ ಮನುಷ್ಯ. ಅವನು ಹೆಂಡತಿಯ ಮುಖದಿಂದ ಕಣ್ಣು ತೆಗೆಯದೆ ಹೇಳಿದ: “ಹಾಕ್ಲಿ ಬಿಡು. ಇಪ್ಪತ್ತೇಳು ವರ್ಷ ಊರಿನವರ ಕಾಲಿಗೆಲ್ಲ ಇವಳು ಹಾಕಿದಾಳೆ. ಇವತ್ತೊಂದು ದಿನ ಇವಳ ಕಾಲಿಗೆ ಬೇರೆಯವರು ಹಾಕ್ಲಿ.”

ಒಂಟೆಯ ಪಕ್ಕದಲ್ಲಿ ಎಡಗಾಲಿನ ದಾರ ಬಿಗಿಯುತ್ತಿದ್ದ ಪಟಾಕಿ ತಲೆಯೆತ್ತದೆ ಗೊಣಗಿದಳು. “ಊದಿದ ಕಾಲಿಗೆ ಒಂದು ನಂಬರ್ ಜಾಸ್ತಿ ತರ್ಬೇಕು ಅಂತ ಇವಳೇ ತಾನೇ ಹೇಳ್ಕೊಟ್ಟಿದ್ದು. ಆರು ವರ್ಷ ಏನು ಕಲಿತೆಯೋ ನೀನು?”

ಪಟಾಕಿ, ಸತ್ತವಳು ಕೆಲಸ ಮಾಡುತ್ತಿದ್ದ ಪಾದರಕ್ಷೆಯ ಅಂಗಡಿಯಲ್ಲೇ ಚಪ್ಪಲಿ ವಿಭಾಗದವಳು. ಬಾಯಿ ಜೋರು ಎಂಬ ಕಾರಣಕ್ಕೆ ಆ ಹೆಸರು. ಆರಡಿ ಮೂರಂಗುಲ ಎತ್ತರದ, ಕತ್ತು ಮುಂದೆ ಚಾಚಿಕೊಂಡು ನಡೆಯುವ ಇವನಿಗೆ ಒಂಟೆ ಎಂಬ ಹೆಸರು ಬಂದದ್ದು ಕೆಲಸಕ್ಕೆ ಸೇರಿದ ಮೊದಲ ದಿನವೇ. ಎರಡು ಹೆಸರನ್ನೂ ಇಟ್ಟವಳು ಈಗ ಮಂಚದ ಮೇಲಿದ್ದಳು. ಅವಳನ್ನು ಅಂಗಡಿಯವರೆಲ್ಲ ದೊಡ್ಡಕ್ಕ ಎನ್ನುತ್ತಿದ್ದರು. ಐವತ್ತನಾಲ್ಕು ವಯಸ್ಸು. ಗಿರಾಕಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ಅವನ ಕಾಲಿನ ನಂಬರು, ಎಡ ಬಲಗಳ ವ್ಯತ್ಯಾಸ, ಹಿಮ್ಮಡಿ ಯಾವ ಕಡೆ ಸವೆಯುತ್ತದೆ ಎಂಬುದನ್ನೆಲ್ಲ ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದಳು. ಅಳತೆಯ ಪಟ್ಟಿಯನ್ನು ಹೊರತೆಗೆಯುತ್ತಿದ್ದುದು ಗಿರಾಕಿಗೆ ನಂಬಿಕೆ ಬರಲಿ ಎಂದಷ್ಟೇ.

ಒಂಟೆ ದಾರವನ್ನು ಪೂರ್ತಿ ಬಿಚ್ಚಿ ತೆಗೆದ. ಬೂಟು ಒಳಗೆ ಹೋಯಿತು. ಅವನು ಮತ್ತೆ ಒಂದೊಂದೇ ತೂತಿಗೆ ದಾರ ಪೋಣಿಸುವುದನ್ನು ದೊಡ್ಡಕ್ಕನ ಮಗಳು ನೋಡುತ್ತಿದ್ದಳು.

ಮಗಳು ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದೆ, ಬಂದವರಿಗೆ ಕುರ್ಚಿ ಎಳೆದು ಕೊಡುತ್ತ, ಗಾಡಿಯವನಿಗೆ ಫೋನು ಮಾಡುತ್ತ ಓಡಾಡುತ್ತಿದ್ದಳು. ಈಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಯಾರನ್ನೂ ನೋಡದೆ, ಒಂಟೆಗೆ ಕೇಳುವಂತೆ ಹೇಳಿದಳು: “ನಿಮಗೆಲ್ಲ ಏಣಿ ಹತ್ತೋ ಪಾಠ ಮಾಡ್ತಿದ್ದಳಂತೆ. ಬುಡದಲ್ಲಿ ಇನ್ನೊಬ್ಬರಿಲ್ಲದೆ ಹತ್ತಬಾರದು ಅಂತ ನನಗೂ ಮನೇಲಿ ಬಲ್ಬ್ ಹಾಕೋವಾಗ ಬೈತಿದ್ದಳು. ತಾನೇ ಯಾರಿಗೂ ಹೇಳದೆ ಹತ್ತಿದಾಳೆ. ಆಸ್ಪತ್ರೆಯಲ್ಲಿ ಮೊದಲ ದಿನ, ಬಾಯಿಗೆ ನಳಿಕೆ ಹಾಕಿದ್ದಾಗ, ಅವಳು ಉತ್ತರ ಕೊಡೋಕಾಗಲ್ಲ ಅಂತ ಗೊತ್ತಿದ್ದೂ ನಾನು ಬೈದೆ. ಯಾಕಮ್ಮಾ ಹತ್ತಿದೆ, ಯಾಕೆ ಹತ್ತಿದೆ ಅಂತ. ಇನ್ನೂ ಸಿಟ್ಟು ಹೋಗಿಲ್ಲ ನನಗೆ.”

ಒಂಟೆ ತಲೆ ತಗ್ಗಿಸಿ ದಾರದ ಗಂಟು ಹಾಕಿದ. ಅಂಗಡಿಯವರು ಸಿದ್ಧಪಡಿಸಿದ ವರದಿಯ ಪ್ರತಿ ಆ ಮಗಳ ಬಳಿಯಿತ್ತು. “ಆಕೆ ಯಾರ ಸೂಚನೆಯೂ ಇಲ್ಲದೆ, ಯಾರಿಗೂ ತಿಳಿಸದೆ, ಒಬ್ಬಳೇ ಏಣಿ ಏರಿ, ಸ್ವಂತ ಅಜಾಗರೂಕತೆಯಿಂದ ಬಿದ್ದಳು” ಎಂದು ಅದರಲ್ಲಿತ್ತು. ಕೆಳಗೆ ಪ್ರತ್ಯಕ್ಷದರ್ಶಿಯ ರುಜು ಒಂದೇ ಒಂದು. ಅದು ಒಂಟೆಯದು.

ದೊಡ್ಡಕ್ಕ ಒಬ್ಬಳೇ ಏರಿರಲಿಲ್ಲ. ಅವಳು ಏರುವಾಗ ಏಣಿಯ ಬುಡದಲ್ಲಿ ಕಾಲಿಟ್ಟು ನಿಂತಿದ್ದವನು ಇವನೇ. ಮ್ಯಾನೇಜರ್ ಕೂಗಿ ಕರೆದಾಗ ಆ ಕಾಲನ್ನು ತೆಗೆದವನೂ ಇವನೇ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಅಂಗಡಿಗೆ ಬಂದು, ರುಜು ಹಾಕಿದ ಮಾತನ್ನು ಇವನ ಬಾಯಿಂದ ಒಮ್ಮೆ ಕೇಳಿ, ಕಡತವನ್ನು ಮುಚ್ಚುವವನಿದ್ದ. ಅಲ್ಲಿಗೆ ಇಪ್ಪತ್ತೇಳು ವರ್ಷದ ಕೊನೆಯಲ್ಲಿ ದೊಡ್ಡಕ್ಕನ ಹೆಸರಿನ ಮುಂದೆ ಉಳಿಯುವ ಮಾತು ‘ಅಜಾಗರೂಕತೆ’ ಎಂಬುದೊಂದೇ.

*

ಆರು ವರ್ಷದ ಹಿಂದೆ ಅವನು ಕೆಲಸಕ್ಕೆ ಸೇರಿದ ದಿನ, ದೊಡ್ಡಕ್ಕ ಅವನಿಗೆ ಮೊದಲು ತೋರಿಸಿದ್ದು ಬೂಟನ್ನಲ್ಲ, ಗೋದಾಮಿನ ಏಣಿಯನ್ನು. ಒಂಬತ್ತು ಮೆಟ್ಟಿಲಿನ ಅಲ್ಯುಮಿನಿಯಂ ಏಣಿ. ಗೋದಾಮಿನ ಮೂರು ಗೋಡೆಗೂ ನೆಲದಿಂದ ಚಾವಣಿಯವರೆಗೆ ಡಬ್ಬಗಳು. ಕೆಳಗೆ ಬೇಗ ಖರ್ಚಾಗುವ ನಂಬರುಗಳು, ಮೇಲೆ ಅಪರೂಪದವು.

“ನಿನಗೆ ನಾಲ್ಕನೇ ಸಾಲಿನವರೆಗೆ ಏಣಿ ಬೇಡ. ಒಂಟೆ ಹಾಗಿದೀಯ,” ಎಂದು ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದಳು. “ಆದರೆ ಐದನೇ ಸಾಲು ಇದೆಯಲ್ಲ, ಅದು ಒಂಟೆಗೂ ಹೆದರಲ್ಲ. ಕೈ ಕಟ್ಕೊಂಡು ನಿಂತ್ಕೋ. ಹೇಳ್ತೀನಿ, ಕೇಳು.”

ಆಮೇಲೆ ಅವಳು ಹೇಳಿದ್ದು ಆ ಅಂಗಡಿಯಲ್ಲಿ ಬಿದ್ದವರ ವಿವರ. ಪಾಠ ಒಪ್ಪಿಸುವ ಧಾಟಿಯಲ್ಲಿ, ಬೆರಳು ಮಡಿಸುತ್ತ ಹೇಳಿದಳು. ಮೊದಲನೆಯವನು ಮಕ್ಕಳ ವಿಭಾಗದ ಮುದುಕ. ನಾಲ್ಕನೇ ಮೆಟ್ಟಿಲು, ಎಡ ಭುಜ, ಎರಡೂ ಕೈಯಲ್ಲಿ ಡಬ್ಬ ಹಿಡಿದಿದ್ದ. ಎರಡನೆಯವಳು ತಾನು, ಆರನೇ ಮೆಟ್ಟಿಲು, ಬಲ ಮಣಿಕಟ್ಟು, ಬುಡದಲ್ಲಿ ಯಾರೂ ಇರಲಿಲ್ಲ. ಮೂರನೆಯವಳು ಬಾಗಿಲ ಬಳಿ ಕೂರುತ್ತಿದ್ದ ಹುಡುಗಿ. ಎರಡನೇ ಮೆಟ್ಟಿಲಷ್ಟೇ, ಆದರೂ ಬೆನ್ನುಮೂಳೆ ಬಿರುಕು ಬಿಟ್ಟಿತು, ಈಗಲೂ ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾರಳು. ನಾಲ್ಕನೆಯವನು ಹಿಂದಿದ್ದ ಒಬ್ಬ ಮ್ಯಾನೇಜರ್. ಅವನು ಬೀಳಲಿಲ್ಲ, ಏಣಿಯೇ ಅವನ ಮೇಲೆ ಬಿತ್ತು, ಮೂಗು.

ಒಂಟೆಗೆ ನಗು ಬಂತು. ಅವಳು ನಗಲಿಲ್ಲ.

“ಅಂಗಡಿಯ ದಾಖಲೆಯಲ್ಲಿ ಈ ನಾಲ್ಕು ಜನರಲ್ಲಿ ಒಬ್ಬರೂ ಬಿದ್ದಿಲ್ಲ. ಮುದುಕನಿಗೆ ಸೈಕಲ್ ಗುದ್ದಿದೆ. ಹುಡುಗಿಗೆ ಮೊದಲಿಂದಲೂ ಬೆನ್ನುನೋವು. ನಾನು ಮನೆಯ ಬಚ್ಚಲಲ್ಲಿ ಜಾರಿದೀನಿ. ನಾನೇ ಹಾಗಂತ ಬರೆದು ರುಜು ಹಾಕ್ಕೊಟ್ಟೆ. ಎಡಗೈಯಲ್ಲಿ. ಬಲಗೈ ಮುರಿದಿತ್ತಲ್ಲ.” ಅವಳು ಬಲ ಮಣಿಕಟ್ಟನ್ನು ತಿರುಗಿಸಿ ತೋರಿಸಿದಳು, ಅದು ಒಂದು ಹಂತದಾಚೆಗೆ ತಿರುಗುತ್ತಿರಲಿಲ್ಲ. “ಆ ಸೊಟ್ಟ ರುಜು ನೋಡಿ ಯಾರಾದ್ರೂ ಒಂದು ಮಾತು ಕೇಳ್ತಾರೆ ಅಂದ್ಕೊಂಡಿದ್ದೆ. ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವತ್ತು ನಾನು ಹೇಳಿದ್ದಿದ್ರೆ ಆ ಹುಡುಗಿ ಎರಡನೇ ಮೆಟ್ಟಿಲಿಂದ ಬೀಳ್ತಿರಲಿಲ್ಲ. ಅದಕ್ಕೇ ಈಗ ಹೊಸದಾಗಿ ಬಂದವರಿಗೆಲ್ಲ ಬಾಯಲ್ಲಿ ಹೇಳ್ತೀನಿ. ನೀನೂ ಕಲ್ತು ನಿನ್ನ ನಂತರದವರಿಗೆ ಹೇಳು.”

ಆಮೇಲೆ ನಿಯಮಗಳು. ಏಣಿಯ ಬುಡ ಕಪಾಟಿನಿಂದ ಎರಡೂವರೆ ಡಬ್ಬದಷ್ಟು ದೂರ. ಕಡಿಮೆಯಾದರೆ ಹಿಂದಕ್ಕೆ ಮಗುಚುತ್ತದೆ, ಹೆಚ್ಚಾದರೆ ಜಾರುತ್ತದೆ. ಹತ್ತುವವರು “ಕಾಲು” ಎಂದು ಕೇಳಬೇಕು. ಕೆಳಗಿನವರು ಮೊದಲ ಮೆಟ್ಟಿಲಿನ ಮೇಲೆ ಒಂದು ಪಾದವನ್ನು ಪೂರ್ತಿ ಊರಿ “ಇದೆ” ಎನ್ನಬೇಕು. ತೆಗೆಯುವ ಮುಂಚೆ ಕೇಳಬೇಕು. ಮೇಲಿನಿಂದ “ತೆಗಿ” ಎಂಬ ಮಾತು ಬರುವವರೆಗೆ ಅಂಗಡಿಗೆ ಬೆಂಕಿ ಬಿದ್ದರೂ ತೆಗೆಯುವಂತಿಲ್ಲ.

“ಬೆಂಕಿ ಬಿದ್ರೂನಾ?” ಎಂದು ಒಂಟೆ ಕೇಳಿದ್ದ.

“ಬೆಂಕಿ ಬಿದ್ರೆ ನಾನೇ ‘ತೆಗಿ’ ಅಂತೀನಲ್ಲೋ, ಪೆದ್ದ,” ಎಂದಿದ್ದಳು ದೊಡ್ಡಕ್ಕ.

*

ಶವದ ಪೆಟ್ಟಿಗೆಯನ್ನು ಗಾಡಿಯೊಳಗಿಟ್ಟು ಹಿಂದಿನ ಬಾಗಿಲು ಹಾಕಿದರು. ಮನೆಯವರು ಒಂದು ಕಡೆಯ ಬೆಂಚಿನಲ್ಲಿ ಕೂತರು. ಅಂಗಡಿಯವರಿಗಾಗಿ ಹಿಂದೆ ಇನ್ನೊಂದು ವ್ಯಾನು. ಒಂಟೆ ಕಿಟಕಿಯ ಪಕ್ಕದಲ್ಲಿ ಮೊಣಕಾಲು ಮಡಿಸಿಕೊಂಡು ಕೂತದ್ದೇ ತಡ, ಮ್ಯಾನೇಜರ್ ಬಂದು ಪಕ್ಕದಲ್ಲಿ ಕೂತ. ಮುಂದಿನ ಸಾಲಿನಲ್ಲಿ ಪಟಾಕಿ, ಅವಳ ಪಕ್ಕದಲ್ಲಿ ಕ್ಯಾಶಿಯರ್. ಕ್ಯಾಶಿಯರ್ ಬಿಳಿ ಅಂಗಿಯ, ಮೆತ್ತನೆಯ ದನಿಯ ಹಿರಿಯ. ಮಳೆ ಬರುತ್ತಿದೆಯೇ ಎಂದು ಕೇಳಿದರೂ ಹೌದು ಎನ್ನದೆ, ಇಲ್ಲ ಎನ್ನದೆ, ಹೊರಗೆ ಹೋದವರನ್ನು ಕೇಳಬೇಕು ಎನ್ನುವ ಜಾತಿಯ ಮನುಷ್ಯ ಎಂದು ಪಟಾಕಿ ಅವನನ್ನು ಆಡಿಕೊಳ್ಳುತ್ತಿದ್ದಳು.

ವ್ಯಾನು ತರಕಾರಿ ಮಾರುವ ಬೀದಿ ದಾಟಿ, ಮುಚ್ಚಿದ ಸಿನಿಮಾ ಮಂದಿರದ ತಿರುವು ತೆಗೆದುಕೊಂಡ ಮೇಲೆ ಮ್ಯಾನೇಜರ್ ಬಾಯಿ ತೆರೆದ. ಅಂಗಡಿಗೆ ಹೊಸ ಏಣಿ ಬಂದಿದೆ ಎಂದ. ನಾಲ್ಕು ಕಾಲಿಗೂ ದಪ್ಪ ರಬ್ಬರ್, ಎರಡು ಕಡೆಯೂ ಹಿಡಿಕೆ. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನಾಳೆ ಅಧಿಕಾರಿ ಬರುವ ಮುಂಚೆ ಬಿಚ್ಚಿದರೆ ಸಾಕು ಎಂದ. ಹಳೆಯ ಏಣಿ ಎಲ್ಲಿ ಎಂದು ಒಂಟೆ ಕೇಳಲಿಲ್ಲ. ಅಪಘಾತದ ಮರುದಿನ ಬೆಳಗ್ಗೆ ಅವನು ಬರುವಷ್ಟರಲ್ಲಿ ಅದು ಮಾಯವಾಗಿತ್ತು.

“ನಾಳೆ ಎರಡು ನಿಮಿಷದ ಕೆಲಸ,” ಎಂದ ಮ್ಯಾನೇಜರ್. “ಬರೆದುಕೊಟ್ಟಿದ್ದನ್ನೇ ಒಂದ್ಸಲ ಬಾಯಲ್ಲಿ ಹೇಳೋದು. ಆಮೇಲೆ ಗಂಡಸರ ವಿಭಾಗ ನೀನೇ ನೋಡ್ಕೋ. ನಾನು ಮೇಲಿನವರ ಹತ್ರ ಮಾತಾಡಿದೀನಿ.”

“ಅವರ ಮಗಳು ಅಮ್ಮನ ಮೇಲೆ ಸಿಟ್ಟು ಮಾಡ್ಕೊಂಡಿದಾಳೆ, ಸಾರ್.”

“ಹೋಗುತ್ತೆ. ಯಾರ ಸಿಟ್ಟು ನಿಂತಿದೆ? ಹೋದವರಿಗೆ ಅದರಿಂದ ಏನಾಗ್ಬೇಕು?” ಮ್ಯಾನೇಜರ್ ದನಿ ಇನ್ನಷ್ಟು ತಗ್ಗಿಸಿದ. “ನಾನು ಹಾಗೆ ಬರೆದಿದ್ದು ನನ್ನೊಬ್ಬನಿಗೋಸ್ಕರ ಅಂದ್ಕೊಂಡಿದೀಯಾ? ಸರಿಯಾಗಿ ಯೋಚನೆ ಮಾಡು. ನಾನು ‘ಬಾ’ ಅಂದೆ, ಸರಿ. ದೊಡ್ಡಕ್ಕ ‘ತಡಿ’ ಅಂದರು ಅಂತ ನೀನೇ ಹೇಳಿದೆ. ಯಾರ ಮಾತು ಕೇಳಿದವನು ನೀನು? ಕಾಲು ತೆಗೆದದ್ದು ಯಾರು? ನಿಜ ಹೊರಗೆ ಬಂದ್ರೆ ಆ ಮಗಳು ಮೊದಲು ಯಾರ ಮುಖಕ್ಕೆ ಉಗೀತಾಳೆ, ಹೇಳು.”

ಮ್ಯಾನೇಜರ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ; ಒಂಬತ್ತು ದಿನದಿಂದ ಒಂಟೆಯ ಬಾಯಿ ಕಟ್ಟಿದ್ದು ಅದೇ. ಮುಂದಿನ ಸಾಲಿನಲ್ಲಿ ಪಟಾಕಿಯ ಕತ್ತು ಅಲುಗಾಡದೆ ನಿಂತಿತ್ತು. ಕ್ಯಾಶಿಯರ್ ಕಿಟಕಿಯ ಹೊರಗೆ ನೋಡುತ್ತಿದ್ದ.

*

ದೊಡ್ಡಕ್ಕ ಬಿದ್ದದ್ದು ಶಾಲೆಗಳು ತೆರೆಯುವ ವಾರದಲ್ಲಿ. ಕುರ್ಚಿ ಸಾಲದೆ ತಾಯಂದಿರು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಕಪ್ಪು ಬೂಟು ತೊಡಿಸಿ ನೋಡುತ್ತಿದ್ದರು. ಹಿಂದಿನ ವರ್ಷ ಗೋದಾಮಿನಲ್ಲಿ ನಾಲ್ವರಿದ್ದರು; ಈ ವರ್ಷ ಇಬ್ಬರು. ಬೆಳಗ್ಗೆ ಹನ್ನೊಂದು ಮುಕ್ಕಾಲಿಗೆ, ಅಗಲ ಪಾದದ ಒಬ್ಬ ಹುಡುಗನಿಗೆ ಐದನೇ ಸಾಲಿನ ಡಬ್ಬ ಬೇಕಾಯಿತು.

ಏಣಿಯ ಬಲಗಾಲಿನ ರಬ್ಬರ್ ಐದು ತಿಂಗಳ ಹಿಂದೆಯೇ ಹರಿದು ಹೋಗಿತ್ತು. ಅದರ ಕೆಳಗೆ ಡಬ್ಬದ ರಟ್ಟಿನ ಮುಚ್ಚಳವನ್ನು ಎಂಟು ಪದರ ಮಡಿಸಿ ಸಿಕ್ಕಿಸುವುದು ರೂಢಿಯಾಗಿತ್ತು. ಬುಡದಲ್ಲಿ ಒಬ್ಬರು ಕಾಲೂರಿ ನಿಂತರೆ ಆ ಮುಚ್ಚಳ ಕದಲುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಅದನ್ನು ಏಣಿಯ ಭಾಗವೆಂದೇ ತಿಳಿದಿದ್ದರು.

“ಕಾಲು,” ಎಂದಳು ದೊಡ್ಡಕ್ಕ.

“ಇದೆ,” ಎಂದ ಒಂಟೆ.

ಅವಳು ಏಳನೇ ಮೆಟ್ಟಿಲಿನಲ್ಲಿ ಎಡಗೈಯಿಂದ ಕಪಾಟು ಹಿಡಿದು, ಬಲಗೈಯಿಂದ ಡಬ್ಬಗಳ ಬದಿಯ ನಂಬರು ಓದುತ್ತಿದ್ದಳು. ಅಷ್ಟರಲ್ಲಿ ಮುಂದಿನಿಂದ ಮ್ಯಾನೇಜರ್ ಕೂಗಿದ. ಗಾಜಿನ ಕಿಟಕಿಯ ಮೇಲ್ಪಟ್ಟಿಯಲ್ಲಿಟ್ಟಿದ್ದ ಬೂಟೊಂದು ಗಿರಾಕಿಗೆ ಬೇಕು. ಒಂಟೆ ಬರಲಿ, ಬೇಗ ಬರಲಿ.

“ಅಕ್ಕಾ, ಕಾಲು ತೆಗೀಲಾ?”

“ತಡಿ.”

ಮ್ಯಾನೇಜರ್ ಎರಡನೇ ಸಲ ಕೂಗಿದ. ಮೂರನೇ ಸಲ ಕೂಗಿದಾಗ ಅವನ ದನಿಯಲ್ಲಿ, ಕೆಲಸ ಬೇಕೋ ಬೇಡವೋ ಎಂಬ ಪ್ರಶ್ನೆಯಿತ್ತು. ಒಂಟೆ ಏಣಿಯನ್ನೊಮ್ಮೆ ಅಲುಗಿಸಿ ನೋಡಿದ. ಗಟ್ಟಿಯಾಗಿತ್ತು. ಮೂವತ್ತು ಹೆಜ್ಜೆ ಹೋಗಿ ಮೂವತ್ತು ಹೆಜ್ಜೆ ಬರುವುದು, ಒಂದು ನಿಮಿಷವೂ ಆಗದು ಎಂದು ಲೆಕ್ಕ ಹಾಕಿ ಕಾಲು ತೆಗೆದ. ಕಿಟಕಿಯ ಬಳಿ ಕೈಯೆತ್ತಿ ಬೂಟನ್ನು ಹಿಡಿದಿದ್ದ ಹಾಗೆಯೇ ಹಿಂದಿನಿಂದ ಸದ್ದು ಕೇಳಿತು. ಮೊದಲು ಲೋಹ ಕಲ್ಲಿನ ಮೇಲೆ ಜಾರಿದ ಕಿರುಗುಟ್ಟುವಿಕೆ, ಆಮೇಲೆ ಡಬ್ಬಗಳು, ಕೊನೆಗೆ ಇನ್ನೊಂದು ಸದ್ದು. ಅವನು ಓಡಿ ಹೋದಾಗ ಎಂಟು ಪದರದ ಮುಚ್ಚಳ ಏಣಿಯಿಂದ ಎರಡು ಮಾರು ದೂರದಲ್ಲಿ ಬಿದ್ದು ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು.

ಆ ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ಮ್ಯಾನೇಜರ್ ವರದಿ ಬರೆದ. ಒಂಟೆ ರುಜು ಹಾಕಿದ. ಮೂರನೆಯ ದಿನ ಮಧ್ಯಾಹ್ನ ದೊಡ್ಡಕ್ಕನ ಬಾಯಿಂದ ನಳಿಕೆ ತೆಗೆದಿದ್ದರು. ಮಗಳು ಔಷಧಿ ತರಲು ಹೋಗಿದ್ದಳು. ಒಂಟೆ ಮಂಚದ ಪಕ್ಕ ನಿಂತು, ಅಕ್ಕಾ ನಾನು ಅವತ್ತು, ಎಂದು ಶುರು ಮಾಡಿದ. ಅವಳು ಕಣ್ಣು ಬಿಟ್ಟು ಅವನನ್ನೇ ನೋಡಿದಳು. ಪ್ರತಿ ಮಾತಿಗೂ ಉಸಿರು ಹುಡುಕಿಕೊಂಡು ಹೇಳಿದಳು.

“ನನಗ್ಯಾಕೆ ಹೇಳ್ತೀಯೋ? ನಾನು ಅಲ್ಲೇ ಇದ್ದೆನಲ್ಲ. ಇಲ್ಲದವರಿಗೆ ಹೇಳು.”

ಅಂದು ಸಂಜೆ ಜ್ವರ ಏರಿತು. ಆಮೇಲೆ ಅವಳು ಯಾರೊಂದಿಗೂ ಮಾತಾಡಲಿಲ್ಲ.

*

ಸ್ಮಶಾನದಲ್ಲಿ ಗುಂಡಿ ಸಿದ್ಧವಾಗಿತ್ತು. ಅಗೆದ ಮಣ್ಣು ಎರಡು ಕಡೆ ರಾಶಿ ಬಿದ್ದಿತ್ತು. ಅಗೆದವನು ಗುದ್ದಲಿಯ ಹಿಡಿಯ ಮೇಲೆ ಗಲ್ಲವೂರಿ ನೆರಳಿನಲ್ಲಿ ನಿಂತಿದ್ದ. ಪೆಟ್ಟಿಗೆಯನ್ನು ಹಗ್ಗದ ಮೇಲಿಟ್ಟರು. ಯಾರಾದರೂ ಏನಾದರೂ ಹೇಳುವುದಿದ್ದರೆ ಹೇಳಿ ಎಂದು ಗಂಡ ಎಲ್ಲರನ್ನೂ ಒಮ್ಮೆ ನೋಡಿದ. ಯಾರೂ ಮುಂದೆ ಬರದಿದ್ದಾಗ ಮ್ಯಾನೇಜರ್ ಗಂಟಲು ಸರಿ ಮಾಡಿಕೊಂಡ.

ಚೆನ್ನಾಗಿಯೇ ಮಾತಾಡಿದ. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ ಎಂದ. ಅಜ್ಜಂದಿರು ತಮ್ಮ ಮೊಮ್ಮಕ್ಕಳನ್ನು ಕರೆತಂದು, ಇವರ ಕೈಯಿಂದಲೇ ಬೂಟು ಹಾಕಿಸಿ ಎಂದು ಕೇಳುತ್ತಿದ್ದರು ಎಂದ. ಅದು ನಿಜವಾಗಿದ್ದುದರಿಂದ ಪಟಾಕಿ ಕೂಡ ಕಣ್ಣೊರೆಸಿಕೊಂಡಳು. ಕೊನೆಗೆ ಅವನು, “ಒಂದೇ ಒಂದು ಗಳಿಗೆ ಮೈಮರೆತರು. ಆ ಒಂದು ಗಳಿಗೆ ನಮ್ಮಿಂದ ಅವರನ್ನ ಕಿತ್ಕೊಂಡುಬಿಡ್ತು,” ಎಂದ.

ಮಗಳು ಮಣ್ಣಿನ ರಾಶಿಯನ್ನು ದಿಟ್ಟಿಸುತ್ತಿದ್ದಳು. ಅವಳ ದವಡೆ ಬಿಗಿದದ್ದು ಒಂಟೆಗೆ ಕಾಣಿಸಿತು. ಈ ಗುಂಡಿ ಮುಚ್ಚಿದ ಮೇಲೆ ಆ ಸಿಟ್ಟೂ ಅದರೊಳಗೇ ಗಟ್ಟಿಯಾಗುತ್ತದೆ, ಮತ್ತೆ ಅದನ್ನು ಯಾರೂ ಅಗೆದು ತೆಗೆಯಲಾರರು ಎಂದು ಅವನಿಗೆ ಅನ್ನಿಸಿತು. ಅವನು ಮುಂದೆ ಬಂದು ಕೈ ಕಟ್ಟಿಕೊಂಡು ನಿಂತ. ದೊಡ್ಡಕ್ಕ ಕಲಿಸಿದ್ದನ್ನು ಬಿಟ್ಟರೆ ಸತ್ಯ ಹೇಳುವ ಬೇರೆ ಧಾಟಿ ಅವನಿಗೆ ತಿಳಿದಿರಲಿಲ್ಲ.

“ನಮ್ಮ ಅಂಗಡಿಯಲ್ಲಿ ಬಿದ್ದವರಲ್ಲಿ ಐದನೆಯವರು ದೊಡ್ಡಕ್ಕ,” ಎಂದು ಶುರು ಮಾಡಿದ. “ಏಳನೇ ಮೆಟ್ಟಿಲು. ಬಲಗಾಲು, ಸೊಂಟ, ತಲೆ. ಮೈಮರೆತಿರಲಿಲ್ಲ. ‘ಕಾಲು’ ಅಂತ ಕೇಳಿಯೇ ಹತ್ತಿದ್ರು. ನಾನು ‘ಇದೆ’ ಅಂದಿದ್ದೆ.”

“ಇದು ಇದನ್ನೆಲ್ಲ ಹೇಳೋ ಜಾಗ ಅಲ್ಲ,” ಎಂದ ಮ್ಯಾನೇಜರ್.

“ಸಾರ್ ಮೂರು ಸಲ ಕರೆದರು. ನಾನು ತೆಗೀಲಾ ಅಂತ ಕೇಳಿದೆ. ಅಕ್ಕ ‘ತಡಿ’ ಅಂದ್ರು. ನಾನು ತಡೀಲಿಲ್ಲ. ಕಾಲು ತೆಗೆದು ಹೋದೆ. ಏಣಿಗೆ ರಬ್ಬರ್ ಇರಲಿಲ್ಲ, ಮುಚ್ಚಳ ಇತ್ತು. ಅದು ಜಾರಿತು. ಆ ವರದಿಯಲ್ಲಿ ಇರೋದು ಸುಳ್ಳು. ರುಜು ನನ್ನದು.”

ಗಾಳಿಗೆ ಪೆಟ್ಟಿಗೆಯ ಮೇಲಿನ ಬಟ್ಟೆಯ ಅಂಚು ಎದ್ದು ಬಿತ್ತು. ಗಂಡ ಬಾಗಿ ಅದನ್ನು ಸರಿಪಡಿಸಿದ. ಬಾಗಿದವನು ಏಳಲು ಬಹಳ ಹೊತ್ತು ತೆಗೆದುಕೊಂಡ. ಮಗಳು ಒಂಟೆಯ ಎದುರಿಗೆ ಬಂದು ನಿಂತಳು. ಅವನ ಎದೆಯ ಮಟ್ಟಕ್ಕಷ್ಟೇ ಬರುತ್ತಿದ್ದಳು.

“‘ತಡಿ’ ಅಂದ ಮೇಲೆ ಎಷ್ಟು ಹೊತ್ತಿಗೆ ತೆಗೆದಿರಿ?”

“ಹತ್ತು ಸೆಕೆಂಡ್ ಇರಬಹುದು.”

“ನೀವು ಹೋಗಿದ್ದು ಅವಳಿಗೆ ಗೊತ್ತಾಯ್ತಾ?”

“ಗೊತ್ತಾಗಿರುತ್ತೆ. ಬುಡದಲ್ಲಿ ಭಾರ ಇಲ್ಲದಿದ್ರೆ ಮೇಲಿದ್ದವರಿಗೆ ತಿಳಿಯುತ್ತೆ.”

“ಹಾಗಾದ್ರೆ ಇಳಿಯೋಕೆ ನೋಡಿರ್ತಾಳೆ,” ಎಂದಳು ಮಗಳು. ಅಷ್ಟು ಹೇಳುವಾಗ ಅವಳ ದನಿ ಬೆಳಗಿನಿಂದ ಮೊದಲ ಬಾರಿಗೆ ಒಡೆಯಿತು. ಅವಳು ಅಂಗೈಯಿಂದ ಕಣ್ಣನ್ನು ಒತ್ತಿ ಹಿಡಿದು, ಉಸಿರು ಸಮ ಮಾಡಿಕೊಂಡು, ಹೆಗಲ ಚೀಲದಿಂದ ಗೆರೆ ಹಾಕಿದ ಒಂದು ಹಾಳೆಯನ್ನೂ ಪೆನ್ನನ್ನೂ ತೆಗೆದಳು. “ನಿಮ್ಮ ಮೇಲೆ ನನಗೇನಿದೆ ಅಂತ ಆಮೇಲೆ ನೋಡ್ತೀನಿ. ಕಡಿಮೆಯಂತೂ ಇಲ್ಲ. ಈಗ ಹೇಳಿದ್ದನ್ನ ಹಾಗೇ ಬರೀರಿ. ತಾರೀಖು ಹಾಕಿ, ಹೊತ್ತು ಹಾಕಿ.”

“ಹೆಣ ಮುಂದಿಟ್ಕೊಂಡು ಇದೇನು?” ಎಂದು ಮ್ಯಾನೇಜರ್ ಗಂಡನ ಕಡೆ ತಿರುಗಿದ. “ನೀವಾದ್ರೂ ಹೇಳಿ. ಮೊದಲು ಕಾರ್ಯ ಮುಗೀಲಿ. ಬರೆಯೋದೇನಿದ್ರೂ ನಾಳೆ ಅಂಗಡಿಯಲ್ಲಿ ಕೂತು ಬರೆಯೋಣ. ಇಲ್ಲಿ ಬರೆಯೋಕೆ ಒಂದು ಮೇಜಾದ್ರೂ ಇದೆಯಾ?”

ಗಂಡ ಹಗ್ಗ ಹಿಡಿದು ನಿಂತಿದ್ದವರಿಗೆ ಕೈ ಮಾಡಿದ. ಇಳಿಸಿ ಎಂದಲ್ಲ, ನಿಲ್ಲಿ ಎಂದು. “ಅವಳಿಗೇನೂ ಅವಸರ ಇಲ್ಲ,” ಎಂದ. “ಕಾಯ್ತಾಳೆ.”

ಮೇಜು ನಿಜವಾಗಿಯೂ ಇರಲಿಲ್ಲ. ಸುತ್ತ ಇದ್ದದ್ದು ಹುಲ್ಲು, ಮಣ್ಣು, ಮಣ್ಣಿನ ಕೆಳಗೆ ಮಲಗಿದವರು. ಪಟಾಕಿ ಮೂಗು ಒರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂಟೆಯ ಮುಂದೆ ಬಂದು ಅವನಿಗೆ ಬೆನ್ನು ತಿರುಗಿಸಿ ಬಗ್ಗಿದಳು. ಎರಡೂ ಕೈಯನ್ನು ಮೊಣಕಾಲಿನ ಮೇಲೆ ಊರಿಕೊಂಡು ಹೇಳಿದಳು: “ಬರಿಯೋ. ಕಚಗುಳಿ ಇಟ್ರೆ ಒದೀತೀನಿ.”

ಒಂಟೆ ಅವಳ ಬೆನ್ನ ಮೇಲೆ ಹಾಳೆ ಹರಡಿ ಬರೆದ. ಬರೆದು ಮುಗಿಸಿ ರುಜು ಹಾಕಿದ. ಆಮೇಲೆ ಅವನು ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ತನ್ನ ಬೆನ್ನು ಕೊಟ್ಟ. ನಿಂತರೆ ಅವಳ ಕೈಗೆ ಎಟುಕುತ್ತಿರಲಿಲ್ಲ. ಮ್ಯಾನೇಜರ್ ಕೂಗಿದ್ದು ಮೂರು ಸಲ, ನನ್ನ ಕಿವಿಯಾರೆ ಕೇಳಿದ್ದೇನೆ ಎಂದು ಪಟಾಕಿ ಅದರ ಕೆಳಗೆ ಬರೆದಳು. ಏಣಿಯ ರಬ್ಬರಿಗಾಗಿ ದೊಡ್ಡಕ್ಕ ಮೂರು ಸಲ ಕೇಳಿದ್ದಳು ಎಂದೂ ಸೇರಿಸಿ, ಅದನ್ನು ಎಲ್ಲರಿಗೂ ಕೇಳುವಂತೆ ಓದಿದಳು.

“ನಾಲ್ಕು ಸಲ.”

ಮಾತಾಡಿದವನು ಕ್ಯಾಶಿಯರ್. ದನಿ ಎಷ್ಟು ಮೆತ್ತಗಿತ್ತೆಂದರೆ ಪಟಾಕಿ ಏನು ಎಂದು ಮತ್ತೆ ಕೇಳಬೇಕಾಯಿತು.

“ನಾಲ್ಕು ಸಲ ಕೇಳಿದ್ರು. ತರಿಸೋ ಸಾಮಾನಿನ ಪಟ್ಟಿ ಬರೆಯೋನು ನಾನಲ್ವಾ? ನಾಲ್ಕು ಸಲವೂ ಬರೆದೆ. ನಾಲ್ಕು ಸಲವೂ ಅದನ್ನ ಹೊಡೆದುಹಾಕಿ ವಾಪಸ್ ಕೊಟ್ರು.” ಅವನು ಮ್ಯಾನೇಜರನನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ನೋಡುತ್ತ ಹೇಳುತ್ತಿದ್ದ. “ಮೂರು ಅಂತ ಇದ್ರೆ ತಪ್ಪಾಗುತ್ತೆ. ನಾಲ್ಕು ಅಂತ ತಿದ್ದು.”

“ನೀವೂ ಶುರು ಮಾಡಿದ್ರಾ?” ಎಂದ ಮ್ಯಾನೇಜರ್. “ನಾಳೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋದು ಯಾರು ಅಂತ ನೆನಪಿರಲಿ.”

“ನಾನೇ,” ಎಂದ ಕ್ಯಾಶಿಯರ್. “ಬೀಗದ ಕೈ ನನ್ನ ಹತ್ರಾನೇ ಇರೋದು.”

ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಪಟಾಕಿ ಮೂರನ್ನು ಹೊಡೆದು ನಾಲ್ಕು ಮಾಡಿದಳು. ಕ್ಯಾಶಿಯರ್ ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಒಂಟೆಯ ಬೆನ್ನ ಮೇಲೆ, ದುಂಡಗಿನ ಅಕ್ಷರದಲ್ಲಿ, ಆತುರವಿಲ್ಲದೆ ತನ್ನ ಪೂರ್ತಿ ಹೆಸರನ್ನು ಬರೆದ. ಆಮೇಲೆ ಸುತ್ತ ನೋಡಿದ. ಮಕ್ಕಳ ವಿಭಾಗದ ಇಬ್ಬರು ಹೆಂಗಸರು ಮುಂದೆ ಬಂದಿದ್ದರು. ಅವರ ಹಿಂದೆ, ಒಂದು ಕಾಲಕ್ಕೆ ಬಾಗಿಲ ಬಳಿ ಕೂರುತ್ತಿದ್ದು, ಎಂದೋ ಕೆಲಸ ಬಿಟ್ಟು ಹೋಗಿ ಇಂದು ಸುದ್ದಿ ಕೇಳಿ ಬಂದವಳೊಬ್ಬಳು, ಸೊಂಟವನ್ನು ಮರದ ಹಲಗೆಯಂತೆ ನೆಟ್ಟಗಿಟ್ಟುಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದಳು. ಕುಕ್ಕರಗಾಲಿನಲ್ಲಿ ಕೂತ ಒಂಟೆಯ ಬೆನ್ನಿನವರೆಗೆ ಅವಳು ಬಗ್ಗುವಂತಿರಲಿಲ್ಲ.

ಕ್ಯಾಶಿಯರ್ ಕನ್ನಡಕ ತೆಗೆದು ಜೇಬಿಗಿಟ್ಟ. ಅವಳ ಮುಂದೆ ಹೋಗಿ ತಿರುಗಿ ನಿಂತು, ತಲೆ ತಗ್ಗಿಸಿ, ಬೆನ್ನನ್ನು ಅವಳ ಎದೆಯ ಎತ್ತರಕ್ಕೆ ಸರಿಯಾಗಿ ಬಾಗಿಸಿ ಹಿಡಿದ. ಅವಳು ಹಾಳೆಯನ್ನು ಇಟ್ಟು, ಎಡಗೈಯಿಂದ ಒತ್ತಿ ಹಿಡಿದು, ಎರಡನೇ ಮೆಟ್ಟಿಲಿನಿಂದ ತಾನು ಬಿದ್ದದ್ದನ್ನು ಬರೆದಳು. ಬರೆಯುವಾಗ ಬಲ ಹೆಚ್ಚಾಯಿತು. ಕೊನೆಯ ಅಕ್ಷರದ ಹತ್ತಿರ ಪೆನ್ನಿನ ತುದಿ ಹಾಳೆಯನ್ನು ತೂತು ಮಾಡಿಕೊಂಡು ಕೆಳಗಿಳಿಯಿತು. ಕ್ಯಾಶಿಯರ್ ಮಿಸುಕಲಿಲ್ಲ. ಅವಳು ಹಾಳೆ ಎತ್ತಿದಾಗ, ಬೆವರಿಗೆ ಅಂಟಿಕೊಂಡಿದ್ದ ಅವನ ಬಿಳಿ ಅಂಗಿಯ ನಡುಬೆನ್ನಿನಲ್ಲಿ ನೀಲಿ ಚುಕ್ಕೆಯೊಂದು ನಿಧಾನವಾಗಿ ಅಗಲವಾಗುತ್ತಿತ್ತು.